ರಾಬ್ ರಾಯ್ ಚೌಕಳಿ: ಟಾರ್ಟನ್ ಹೊದಿಕೆ ನೇಯ್ದ ನನ್ನ ಅನುಭವ

ಸ್ಕಾಟ್ಲೆಂಡಿನ ಚೌಕಳಿ ಉಣ್ಣೆ ಬಟ್ಟೆಯಾದ ಟಾರ್ಟನ್ ನೇಯುವುದರಲ್ಲಿ ಬಣ್ಣದ ಕೆಲಸ ಕಡಿಮೆ, ಎಣಿಕೆಯ ಕೆಲಸವೇ ಜಾಸ್ತಿ. ಹಾಸಿನಲ್ಲಿ (ಮಗ್ಗಕ್ಕೆ ಕಟ್ಟಿದ ಉದ್ದದ ಎಳೆ) ಬಣ್ಣಗಳು ಯಾವ ಕ್ರಮದಲ್ಲಿ ಎಷ್ಟೆಷ್ಟು ಎಳೆ ಬಂದಿವೆಯೋ ಹೊಕ್ಕಿನಲ್ಲೂ (ಅಡ್ಡ ಎಳೆ) ಅದೇ ಕ್ರಮದಲ್ಲಿ ಅಷ್ಟಷ್ಟೇ ಬರಬೇಕು. ಈ ಕ್ರಮಕ್ಕೆ ‘ಸೆಟ್’ ಅಂತಾರೆ. ಎಣಿಕೆ ಸರಿಯಿದ್ದರೂ ಹೊಕ್ಕನ್ನು ಒತ್ತುವ ಬಡಿತ ಹೆಚ್ಚುಕಮ್ಮಿಯಾದರೆ ಚೌಕ ಹೋಗಿ ಆಯತವಾಗುತ್ತದೆ, ಹೊದಿಕೆಯ ಕಳೆ ಅಲ್ಲಿಗೆ ಮುಗಿಯಿತು.

ನಾನು ಆರಿಸಿಕೊಂಡದ್ದು ಸ್ಕಾಟ್ಲೆಂಡಿನ ಜನಪದ ನಾಯಕನೊಬ್ಬನ ಹೆಸರಿನ ರಾಬ್ ರಾಯ್ ಮ್ಯಾಕ್‌ಗ್ರೆಗರ್ ಸೆಟ್. ಕೆಂಪು, ಕಪ್ಪು ಎರಡೇ ಬಣ್ಣ, ಸಮ ಅಗಲದ ಪಟ್ಟಿಗಳು. ಕೆಂಪು ಕೆಂಪನ್ನು ದಾಟಿದಲ್ಲಿ ಅಪ್ಪಟ ಕೆಂಪು, ಕಪ್ಪು ಕಪ್ಪನ್ನು ದಾಟಿದಲ್ಲಿ ಅಪ್ಪಟ ಕಪ್ಪು, ಉಳಿದೆಡೆ ಎರಡೂ ಬೆರೆತ ಮೂರನೇ ಛಾಯೆ. ಆರು ಬಣ್ಣ ಹಾಕಿದರೆ ಹೀಗೆ 21 ಛಾಯೆ ಸಿಗುತ್ತವೆ, ಆದರೆ ಲಾಳಿಯೂ ಆರು ಬೇಕು. ಮೊದಲ ಹೊದಿಕೆಗೆ ಎರಡೇ ಸಾಕು.

‘ಇದು ನಿಮ್ಮ ಕುಲದ ಟಾರ್ಟನ್ನೇ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಸ್ಕಾಟ್ಲೆಂಡಿನ ಎತ್ತರದ ಸೀಮೆಯಲ್ಲಿ (ಹೈಲ್ಯಾಂಡ್) ಚೌಕಳಿ ಉಣ್ಣೆ ಬಟ್ಟೆ ಬಹಳ ಹಳೆಯದು. ಗ್ಲೆನ್ ಅಫ್ರಿಕ್‌ನ ಜೌಗಿನಲ್ಲಿ ಸಿಕ್ಕ ತುಂಡು ಸುಮಾರು 16ನೇ ಶತಮಾನದ್ದೆಂದು ಪರೀಕ್ಷೆಯಲ್ಲಿ ತಿಳಿದಿದೆ. ಆದರೆ ಒಂದು ಕುಲಕ್ಕೆ ಒಂದು ಸೆಟ್ ಎಂಬ ಕಟ್ಟಳೆ ಬಹುಪಾಲು 19ನೇ ಶತಮಾನದ ಕೂಸು. ಹೈಲ್ಯಾಂಡ್ ಬಂಡಾಯಗಾರರು ಸೋತ ಕಲೊಡನ್ ಯುದ್ಧದ ನಂತರ 1746ರಲ್ಲಿ ಹೊರಟ ಕಾಯಿದೆ ಗಂಡಸರ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿತು. 1782ರಲ್ಲಿ ಅದು ರದ್ದಾಯಿತು. ಬ್ಯಾನಕ್‌ಬರ್ನ್‌ನ ವಿಲ್ಸನ್ ಮನೆತನದ ನೇಕಾರರು 1819ರಲ್ಲಿ ತಮ್ಮ ಮಾದರಿಗಳ ಎಳೆ ಲೆಕ್ಕವನ್ನು ಪುಸ್ತಕಕ್ಕಿಳಿಸಿದರು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಮೆರವಣಿಗೆಯಿಂದ ಎಲ್ಲರಿಗೂ ತಮ್ಮದೇ ಒಂದು ಟಾರ್ಟನ್ ಬೇಕಾಯಿತು. ಮ್ಯಾಕ್‌ಗ್ರೆಗರ್‌ಗಳ ಕಥೆಯಂತೂ ವಿಚಿತ್ರ: 1603ರಲ್ಲಿ ಅವರ ಹೆಸರನ್ನೇ ನಿಷೇಧಿಸಿದ್ದರು, ನಡುವೆ ಕೆಲವು ದಶಕ ಸಡಿಲಿಸಿದರೂ ಪೂರ್ತಿ ತೆಗೆದದ್ದು 1774ರಲ್ಲಿ. ಈಗ ಸ್ಕಾಟ್ಲೆಂಡಿನ ಸರ್ಕಾರಿ ಟಾರ್ಟನ್ ದಾಖಲೆ 2009ರಿಂದ ನಡೆಯುತ್ತಿದೆ, ಎಳೆ ಲೆಕ್ಕ ಅಲ್ಲೇ ನೋಡಬಹುದು. ರಾಜಮನೆತನಕ್ಕೆ ಮೀಸಲಾದ ಬಾಲ್ಮೋರಲ್‌ನಂಥವನ್ನು ಬಿಟ್ಟರೆ ಬೇಕಾದ್ದನ್ನು ನೇಯಿರಿ. ಅಳತೆಯ ಪ್ರಮಾಣ ಮಾತ್ರ ಕೆಡಿಸಬೇಡಿ.

ನೂಲು ಎರಡೆಳೆಯ ಶೆಟ್ಲೆಂಡ್ ಉಣ್ಣೆ, ಕಿಲೋಗೆ ಸುಮಾರು 4,500 ಮೀಟರ್ ಬರುವಂಥದ್ದು. ಹೊದಿಕೆ ಮೆತ್ತಗಿರಬೇಕಾದ್ದರಿಂದ ಇಂಚಿಗೆ 12 ಎಳೆ ಸಾಕು. ಮಗ್ಗ ಕಿರಿದಾದ್ದರಿಂದ 32 ಇಂಚು ಅಗಲದ ಎರಡು ಪಟ್ಟೆ (ಬಟ್ಟೆಯ ಭಾಗ) ನೇಯ್ದು ಹೊಲಿಯುವ ಯೋಜನೆ. ಹಳೆಯ ಕಾಲದಲ್ಲಿ ಮೈಗೆ ಸುತ್ತಿಕೊಳ್ಳುತ್ತಿದ್ದ ದೊಡ್ಡ ಪ್ಲ್ಯಾಡ್‌ಗಳೂ ಹೀಗೇ ಎರಡು ಪಟ್ಟೆ ಕೂಡಿಸಿದವು. ಒಂದು ಪಟ್ಟೆಗೆ 384 ಎಳೆ: 32 ಎಳೆಯ 12 ಬಣ್ಣದ ಪಟ್ಟಿ. ಎಡಗಡೆ ಕೆಂಪಿನಿಂದ ಶುರುವಾಗಿ ಬಲಗಡೆ ಕಪ್ಪಿನಲ್ಲಿ ಮುಗಿಯುತ್ತದೆ, ಹಾಗಾಗಿ ಎರಡು ಪಟ್ಟೆ ಪಕ್ಕಪಕ್ಕ ಇಟ್ಟರೆ ಕ್ರಮ ತಪ್ಪುವುದಿಲ್ಲ. 72 ಇಂಚಿನ ಎರಡು ಪಟ್ಟೆ, ಕುಚ್ಚು, ಮಗ್ಗದಲ್ಲಿ ಉಳಿಯುವ ತುದಿ, ಒಂದು ಮಾದರಿ ತುಂಡು ಎಲ್ಲ ಸೇರಿ ಹಾಸಿನ ಉದ್ದ 5.75 ಮೀಟರ್. ಒಂದೊಂದು ಬಣ್ಣ 450 ಗ್ರಾಂ ತಂದರೆ ಸ್ವಲ್ಪ ಉಳಿಯುತ್ತದೆ.

32ನ್ನೇ ಹಿಡಿಯಲು ಕಾರಣವಿದೆ. ನೇಯ್ಗೆ ಎರಡರ ಮೇಲೆ ಎರಡರ ಕೆಳಗೆ ಹೋಗುವ ಟ್ವಿಲ್ (ಓರೆಗೆರೆ ಮೂಡುವ ನೇಯ್ಗೆ), ನಾಲ್ಕು ಶಾಫ್ಟ್ (ಹಾಸಿನ ಎಳೆಗಳನ್ನು ಎತ್ತಿಳಿಸುವ ಚೌಕಟ್ಟು), ಎಳೆ ಪೋಣಿಸುವುದು 1-2-3-4. ಸಂಖ್ಯೆ ನಾಲ್ಕರಿಂದ ಭಾಗವಾದರೆ ಪ್ರತಿ ಬಣ್ಣವೂ ಒಂದನೇ ಶಾಫ್ಟ್‌ನಲ್ಲೇ ಶುರುವಾಗುತ್ತದೆ. ಕಪ್ಪಿನ ಮೊದಲ ಎಳೆ ಎರಡನೇ ಶಾಫ್ಟ್‌ಗೆ ಬಂತೆಂದರೆ ಹಿಂದೆಲ್ಲೋ ತಪ್ಪಿದ್ದೀರಿ, ಅಲ್ಲೇ ನಿಲ್ಲಿಸಿ. ಕಪ್ಪು ಎಳೆ ಪೋಣಿಸುವಾಗ ಹಿಂದೆ ಬಿಳಿ ಕಾಗದ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಣ್ಣು ಸೋಲುತ್ತದೆ. ರೀಡ್ (ಎಳೆಗಳ ಅಂತರ ಕಾಯ್ದು ಹೊಕ್ಕನ್ನು ಬಡಿಯುವ ಬಾಚಣಿಗೆ) ಇಂಚಿಗೆ 6 ಹಲ್ಲಿನದು, ಹಲ್ಲಿಗೆ ಎರಡೆಳೆ. ಸಣ್ಣ ಹಲ್ಲಿನ ರೀಡ್ ಉಣ್ಣೆಯನ್ನು ಉಜ್ಜಿ ಜುಂಗೆಬ್ಬಿಸಿ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ನಮ್ಮ ಕಂಬಳಿ ನೇಕಾರರು ಹಾಸಿನ ಎಳೆಗಳಿಗೆ ಹುಣಿಸೆಬೀಜದ ಗಂಜಿ ಕೊಡುತ್ತಾರಲ್ಲ, ಎರಡೆಳೆ ಹುರಿ ಮಾಡಿದ ಈ ನೂಲಿಗೆ ಅದು ಬೇಕಿಲ್ಲ.

ಟ್ವಿಲ್‌ನಲ್ಲಿ ಅಂಚಿನ ಎಳೆ ಹೊಕ್ಕಿಗೆ ಸಿಕ್ಕಿಕೊಳ್ಳದೆ ಜಾರುತ್ತದೆ. ಎರಡೂ ಬದಿಗೆ ಒಂದೊಂದು ಹೆಚ್ಚಿನ ಎಳೆಯನ್ನು ಶಾಫ್ಟ್‌ಗೆ ಪೋಣಿಸದೆ ರೀಡ್‌ನಲ್ಲಿ ಮಾತ್ರ ಹಾಯಿಸಿ. ಲಾಳಿ ಒಳಹೋಗುವಾಗ ಅದರ ಮೇಲೆ, ಹೊರಬರುವಾಗ ಅದರ ಕೆಳಗೆ. ಬಣ್ಣ ಬದಲಿಸುವಾಗ ನೂಲು ಕತ್ತರಿಸಿ ಎರಡಿಂಚು ತುದಿಯನ್ನು ಅದೇ ಸಾಲಿಗೆ ಮಡಚಿ ಸೇರಿಸಿ. ಹೊಲಿಗೆ ಬರುವ ಬದಿಯಲ್ಲಿ ಈ ತುದಿ ಬೇಡ, ಅಲ್ಲಿ ದಪ್ಪವಾಗುತ್ತದೆ. ತುದಿ ಸೇರಿಸಬೇಕಾದ್ದು ಎಡ ಪಟ್ಟೆಗೆ ಎಡ ಅಂಚಿನಲ್ಲಿ, ಬಲ ಪಟ್ಟೆಗೆ ಬಲ ಅಂಚಿನಲ್ಲಿ.

ಇನ್ನು ಬಡಿತ. ಮಗ್ಗದ ಮೇಲೆ ಹಾಸು ಬಿಗಿಯಾಗಿರುವಾಗ ಇಂಚಿಗೆ 11 ಹೊಕ್ಕು ಹಾಕಿದರೆ ಬಿಗಿ ಬಿಟ್ಟ ಮೇಲೆ 12ರ ಆಸುಪಾಸಿಗೆ ಬರುತ್ತದೆ. ಟ್ವಿಲ್‌ನ ಓರೆಗೆರೆಯೇ ನಿಮ್ಮ ಅಳತೆಗೋಲು: 45 ಡಿಗ್ರಿಗಿಂತ ಕಡಿದಾದರೆ ಹೊಕ್ಕು ಸಡಿಲ, ಚಪ್ಪಟೆಯಾದರೆ ಬಡಿತ ಜಾಸ್ತಿ. ಮೊದಲು ನಾಲ್ಕು ಪಟ್ಟಿಯ ಮಾದರಿ ನೇಯ್ದು, ಕತ್ತರಿಸಿ, ಒಗೆದು, ಒಣಗಿಸಿ ಅಳೆಯಿರಿ. ಆಮೇಲೆ ಒಂದು ಕಾಗದದ ಪಟ್ಟಿಯ ಮೇಲೆ 27 ಪಟ್ಟಿಗಳೂ ಎಲ್ಲೆಲ್ಲಿ ಬದಲಾಗಬೇಕೆಂದು ಗೆರೆ ಹಾಕಿ ನೇಯ್ಗೆಯ ಅಂಚಿಗೆ ಪಿನ್ ಮಾಡಿಕೊಂಡು ಹೋಗಿ. ಎರಡೂ ಪಟ್ಟೆಗೆ ಅದೇ ಕಾಗದ. ನೆನಪಿನ ಮೇಲೆ ಬಡಿದರೆ ಎರಡನೇ ಪಟ್ಟೆಗೆ ಕೈ ಪಳಗಿ ಬಿಗಿಯಾಗುತ್ತದೆ. ಪ್ರತಿ ಪಟ್ಟಿಯಲ್ಲಿ ಎರಡು ಮಿಲಿಮೀಟರ್ ಕಡಿಮೆಯಾದರೂ ಕೊನೆಗೆ ಐದು ಸೆಂಟಿಮೀಟರಿಗೂ ಮೀರಿ ತಪ್ಪುತ್ತದೆ, ಹೊಲಿಗೆಯಲ್ಲಿ ಅದನ್ನು ಮುಚ್ಚಲಾಗದು.

ಕೂಡಿಸುವಾಗ ಒಂದು ಪಟ್ಟೆಯ ಒಳಮೈ ಮೇಲಾದರೆ ಓರೆಗೆರೆ ತಿರುಗಿ ಹೊಲಿಗೆಯಲ್ಲಿ ಬಾಣದ ಮೊನೆ ಕಾಣುತ್ತದೆ. ಎರಡರ ಮೇಲ್ಮೈಗೂ ದಾರ ಕಟ್ಟಿ ಗುರುತಿಟ್ಟುಕೊಳ್ಳಿ. ಹೊಲಿಗೆ ಅದೇ ಉಣ್ಣೆಯಲ್ಲಿ, ಆ ಅಂಚಿನಿಂದ ಈ ಅಂಚಿಗೆ ಎಂಟರ ಆಕಾರದಲ್ಲಿ. ಬಟ್ಟೆ ಸುಕ್ಕುವಷ್ಟು ಎಳೆಯಬೇಡಿ. ಕುಚ್ಚನ್ನು ನಾಲ್ಕು-ನಾಲ್ಕು ಎಳೆ ಹೊಸೆದು ಗಂಟು ಹಾಕುವುದೂ ಒಗೆಯುವ ಮೊದಲೇ, ಬಿಟ್ಟರೆ ಜಡೆಗಟ್ಟುತ್ತದೆ.

ಮಗ್ಗದಿಂದ ಇಳಿದದ್ದು ಇನ್ನೂ ಜಾಳುಜಾಳು, ನೂಲುವಾಗ ಹಾಕಿದ ಎಣ್ಣೆಯ ವಾಸನೆಯೂ ಇರುತ್ತದೆ. ಹೆಬ್ರಿಡೀಸ್ ದ್ವೀಪಗಳಲ್ಲಿ ಹೆಂಗಸರು ಹಲಗೆಯ ಸುತ್ತ ಕೂತು, ಹಳಸಿದ ಮೂತ್ರದಲ್ಲಿ ನೆನೆಸಿದ ಬಟ್ಟೆಯನ್ನು ಹಾಡಿನ ತಾಳಕ್ಕೆ ಕುಟ್ಟುತ್ತಿದ್ದರು. ಎಣ್ಣೆ ಬಿಡಿಸುವುದು ಅದರ ಅಮೋನಿಯಾ. ನನಗೆ ದ್ರವ ಸೋಪು, 40 ಡಿಗ್ರಿ ನೀರು, ಬಾತ್‌ಟಬ್ ಸಾಕಾಯಿತು. ಅರ್ಧ ಗಂಟೆ ನೆನೆಸಿ ಕಾಲಲ್ಲಿ ತುಳಿಯಿರಿ, ಎರಡೆರಡು ನಿಮಿಷಕ್ಕೆ ಎತ್ತಿ ನೋಡಿ. ಎಳೆಗಳ ನಡುವಿನ ಕಿಂಡಿ ಮುಚ್ಚಿ, ಓರೆಗೆರೆ ಇನ್ನೂ ಕಾಣುತ್ತಿರುವಾಗಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಹೋದರೆ ಬಣ್ಣದ ಗಡಿ ಮಸುಕಾಗಿ ಹೊದಿಕೆ ರಟ್ಟಾಗುತ್ತದೆ, ಹಿಂದಕ್ಕೆ ತರಲಾಗದು. ಜಾಲಿಸುವ ನೀರೂ ಅಷ್ಟೇ ಬಿಸಿ ಇರಲಿ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆಲದ ಮೇಲೆ ಹರವಿ ಮೂಲೆ ನೇರ ಮಾಡಿ ಒಣಗಿಸಿ. ಎರಡೂ ಪಟ್ಟೆ ಸೇರಿ ಮಗ್ಗದ ಮೇಲೆ 64 ಇಂಚಿದ್ದ ಅಗಲ 56ಕ್ಕೆ, 72 ಇಂಚು ಉದ್ದ ಸುಮಾರು 64ಕ್ಕೆ ಇಳಿಯುತ್ತದೆ. ಜುಂಗು ಬೇಕಿದ್ದರೆ ಅರೆ ಒದ್ದೆಯಿರುವಾಗಲೇ ಮೆದು ಬ್ರಷ್‌ನಿಂದ ಒಂದೇ ದಿಕ್ಕಿಗೆ ಬಾಚಿ, ಅದೂ ಒಂದು ಮೈಗೆ ಮಾತ್ರ.