ದೇವರು, ಹಣೆಬರಹ, ತರ್ಕ: ಈ ವಾದವನ್ನು ಹಳಿ ತಪ್ಪದಂತೆ ನಡೆಸುವ ಬಗೆ

ಈ ವಿಷಯದ ಚರ್ಚೆ ಕೆಡುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ: ಒಬ್ಬರು ಸಮರ್ಥಿಸುವ ಮಾತೇ ಬೇರೆ, ಇನ್ನೊಬ್ಬರು ಖಂಡಿಸುವ ಮಾತೇ ಬೇರೆ. ಸಿಟ್ಟು ಆಮೇಲೆ ಬರುವಂಥದ್ದು. ಆದ್ದರಿಂದ ಬಾಯಿ ತೆರೆಯುವ ಮೊದಲು ಕಾಗದ ತೆಗೆಯಿರಿ. ಇಬ್ಬರು ವಾದಿಸಲಿ, ಮೂರನೆಯವರೊಬ್ಬರು ಬರೆದುಕೊಳ್ಳಲಿ. ಒಂದು ಗಂಟೆಗೆ ಒಂದೇ ಪ್ರಮೇಯ, ಅಂದರೆ ವಾದಕ್ಕಿಟ್ಟ ಒಂದೇ ಹೇಳಿಕೆ, ಸಾಕು. ಅದರಲ್ಲಿ ಮೊದಲ ಹತ್ತು ನಿಮಿಷ ಪ್ರಮೇಯವನ್ನು ಬರೆಯುವುದಕ್ಕೇ ಹೋದರೂ ನಷ್ಟವಿಲ್ಲ.

ಪ್ರಮೇಯ ಒಂದೇ ವಾಕ್ಯದಲ್ಲಿರಬೇಕು, ಅದರಲ್ಲಿ ‘ಮತ್ತು’ ಇರಬಾರದು. ‘ದೇವರಿಲ್ಲ ಮತ್ತು ಧರ್ಮದಿಂದ ಕೆಡುಕೇ ಹೆಚ್ಚು’ ಎಂಬುದು ಎರಡು ಪ್ರಮೇಯ. ಮೊದಲನೆಯದು ನಿಜವಾಗಿದ್ದು ಎರಡನೆಯದು ಸುಳ್ಳಾಗಿರಬಹುದು, ತಿರುವುಮುರುವೂ ಆಗಬಹುದು. ‘ದೇವರಿಲ್ಲ’ ಎನ್ನುವುದಕ್ಕೂ ‘ದೇವರಿದ್ದಾನೆಂದು ನಂಬಲು ನನಗೆ ಕಾರಣ ಸಿಕ್ಕಿಲ್ಲ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಹೇಳಿದವರು ಆಧಾರ ಕೊಡಬೇಕು. ಎರಡನೆಯದನ್ನು ಹೇಳಿದವರು ಎದುರಿನವರ ಆಧಾರವನ್ನು ಪರೀಕ್ಷಿಸಿದರೆ ಸಾಕು. ಯಾವುದೆಂದು ಮೊದಲೇ ಬರೆಸಿಕೊಳ್ಳದಿದ್ದರೆ, ಇಕ್ಕಟ್ಟಾದಾಗಲೆಲ್ಲ ಜನ ಒಂದರಿಂದ ಇನ್ನೊಂದಕ್ಕೆ ಜಾರುತ್ತಾರೆ.

ಪದಗಳಿಗೆ ಬೇಲಿ ಹಾಕಿ

‘ದೇವರು’ ಎಂದರೆ ಸರ್ವಜ್ಞ, ಸರ್ವಶಕ್ತ, ಪರಮದಯಾಳು ಸೃಷ್ಟಿಕರ್ತನೋ, ಗುಣಗಳಿಲ್ಲದ ಪರತತ್ತ್ವವೋ, ಜಗತ್ತಿನ ಮೊದಲ ಕಾರಣ ಮಾತ್ರವೋ? ‘ಅಂಥ ದೇವರಿದ್ದರೆ ಜಗತ್ತಿನಲ್ಲಿ ಕೆಡುಕೇಕೆ?’ ಎಂಬ ಕೆಡುಕಿನ ಸಮಸ್ಯೆ ತಾಕುವುದು ಮೊದಲನೆಯದಕ್ಕೆ. ಉಳಿದೆರಡರ ಮೇಲೆ ಅದನ್ನು ಎಸೆದರೆ ಗುರಿ ತಪ್ಪುತ್ತದೆ.

ಇಚ್ಛಾಸ್ವಾತಂತ್ರ್ಯದಲ್ಲಿ ಗೊಂದಲ ಇನ್ನೂ ಹೆಚ್ಚು. ಎಲ್ಲವೂ ಹಾಗೆಯೇ ಇದ್ದೂ ಬೇರೆ ರೀತಿ ಮಾಡಬಹುದಿತ್ತು ಎಂಬುದು ಒಂದು ಅರ್ಥ. ಯಾರ ಬಲವಂತವೂ ಇಲ್ಲದೆ ನನ್ನ ಬಯಕೆ, ವಿವೇಚನೆಯಂತೆ ನಡೆದೆ ಎಂಬುದು ಇನ್ನೊಂದು. ಕಾರ್ಯಕಾರಣ ಸರಪಳಿ ಎಲ್ಲೂ ತುಂಡಾಗದಿದ್ದರೆ ಮೊದಲನೆಯದು ಉಳಿಯುವುದಿಲ್ಲ; ಎರಡನೆಯದಕ್ಕೆ ಏನೂ ಆಗುವುದಿಲ್ಲ. ಇಲ್ಲಿ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1969ರಲ್ಲಿ ಒಡ್ಡಿದ ಬಗೆಯ ಪ್ರಸಂಗವನ್ನು ಮುಂದಿಡಿ. ಒಬ್ಬನ ಮಿದುಳಿನಲ್ಲಿ ಅವನಿಗೆ ಗೊತ್ತಿಲ್ಲದಂತೆ ಒಂದು ಯಂತ್ರವಿದೆ. ಅವನು ಕಳ್ಳತನ ಬೇಡವೆಂದು ನಿರ್ಧರಿಸುವ ಸೂಚನೆ ಕಂಡರೆ ಅದು ಅಡ್ಡಬಂದು ಕದಿಯುವಂತೆ ಮಾಡುತ್ತದೆ. ಆದರೆ ಅವನು ತಾನಾಗಿಯೇ ಕದಿಯುತ್ತಾನೆ, ಯಂತ್ರ ಚಾಲೂ ಆಗುವುದೇ ಇಲ್ಲ. ಬೇರೆ ದಾರಿ ಇರಲಿಲ್ಲ, ಆದರೂ ತಪ್ಪು ಅವನದೇ ಅಲ್ಲವೇ? ಎದುರಿನವರ ಉತ್ತರದಿಂದ ಅವರು ಯಾವ ಅರ್ಥ ಹಿಡಿದಿದ್ದಾರೆಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಖಂಡನೆಗೆ ಮೊದಲು ಪೂರ್ವಪಕ್ಷ

ಎದುರಿನವರ ವಾದವನ್ನು ನೀವೇ ಹೇಳಿ. ‘ಹೌದು, ನಾನು ಹೇಳಿದ್ದು ಇದೇ’ ಎಂದು ಅವರು ಒಪ್ಪುವವರೆಗೆ ಖಂಡನೆ ಶುರುಮಾಡಬೇಡಿ. ಆಮೇಲೆ ವಾದವನ್ನು ಸಾಲುಸಾಲಾಗಿ ಬರೆದು ಅಂಕಿ ಹಾಕಿ. ಆಕ್ಷೇಪಣೆ ಎಂದರೆ ಎರಡೇ ಬಗೆ: ‘ಇಂಥ ಸಾಲು ಸುಳ್ಳು’ ಅಥವಾ ‘ಈ ಸಾಲುಗಳಿಂದ ಆ ಸಾಲು ಬರುವುದಿಲ್ಲ’. ಯಾವ ಸಾಲಿನ ಅಂಕಿಯನ್ನೂ ಹೇಳಲಾಗದ ಆಕ್ಷೇಪಣೆಯನ್ನು ಬರೆದುಕೊಳ್ಳುವವರು ಬರೆಯದಿರಲಿ. ಕ್ರಮ ಕಟ್ಟುನಿಟ್ಟೆನಿಸಬಹುದು, ಆದರೆ ಅರ್ಧ ಗದ್ದಲ ಇಲ್ಲಿಯೇ ಅಡಗುತ್ತದೆ.

ಪ್ರಯೋಗ ಮಾಡಿ ನೋಡಲು ಹಳೆಯ, ಗಟ್ಟಿ ವಾದವೊಂದನ್ನು ತೆಗೆದುಕೊಳ್ಳೋಣ.

1. ನಾನು ನಾಳೆ ಆರಕ್ಕೆ ಏಳುತ್ತೇನೆಂದು ದೇವರಿಗೆ ಇಂದೇ ಗೊತ್ತು.
2. ದೇವರಿಗೆ ಗೊತ್ತಿರುವುದು ಸುಳ್ಳಾಗಲು ಸಾಧ್ಯವಿಲ್ಲ.
3. ಆದ್ದರಿಂದ ನಾನು ಏಳದಿರಲು ಸಾಧ್ಯವೇ ಇಲ್ಲ.
4. ಆದ್ದರಿಂದ ಏಳುವುದು ನನ್ನ ಆಯ್ಕೆಯಲ್ಲ.

ಕೇಳಿದ ಕೂಡಲೇ ಒಪ್ಪಬೇಕೆನಿಸುತ್ತದೆ. ಆದರೆ ಎರಡರಿಂದ ಮೂರಕ್ಕೆ ಹಾರುವಲ್ಲಿ ‘ಸಾಧ್ಯವಿಲ್ಲ’ ಎಂಬುದು ಜಾಗ ಬದಲಿಸಿದೆ. ಎರಡನೇ ಸಾಲು ಹೇಳುವುದು ಇಷ್ಟೇ: ‘ದೇವರಿಗೆ ಗೊತ್ತಿದ್ದೂ ನಡೆಯದಿರುವುದು’ ಎಂಬ ಜೋಡಿ ಅಸಾಧ್ಯ. ಮೂರನೆಯದು ಜೋಡಿಯ ಅರ್ಧವನ್ನು ಮಾತ್ರ ಎತ್ತಿಕೊಂಡು ಅದೊಂದೇ ಅಸಾಧ್ಯ ಎನ್ನುತ್ತದೆ. ‘ಅವಿವಾಹಿತನಾಗಿದ್ದರೆ ಅವನಿಗೆ ಹೆಂಡತಿ ಇರಲು ಸಾಧ್ಯವಿಲ್ಲ’ ಎಂಬುದು ನಿಜ. ಅದರಿಂದ ‘ಈ ಅವಿವಾಹಿತ ಮದುವೆಯಾಗಲು ಸಾಧ್ಯವೇ ಇರಲಿಲ್ಲ’ ಎಂದಾಗುತ್ತದೆಯೇ? ನಾನು ಏಳದೆ ಹೋಗಿದ್ದರೆ ದೇವರಿಗೆ ಗೊತ್ತಿರುತ್ತಿದ್ದುದೂ ಬೇರೆಯೇ ಆಗಿರುತ್ತಿತ್ತು. ಅಲ್ಲಿಗೆ ಮೂರನೇ ಸಾಲು ಬಿತ್ತು.

ಇಷ್ಟಕ್ಕೇ ಗೆದ್ದೆವೆಂದು ಎದ್ದು ಹೋಗುವ ಆಸ್ತಿಕರು ಅವಸರಪಡುತ್ತಾರೆ. ಒಳ್ಳೆಯ ಎದುರಾಳಿ ವಾದವನ್ನು ಬಿಗಿ ಮಾಡಿಕೊಂಡು ಮತ್ತೆ ಬರುತ್ತಾನೆ: ದೇವರ ಆ ಅರಿವು ನಿನ್ನೆಯೇ ಇತ್ತು, ಕಳೆದುಹೋದದ್ದನ್ನು ಯಾರೂ ಬದಲಿಸಲಾರರು, ಬದಲಿಸಲಾಗದ ಸಂಗತಿಯಿಂದ ತಪ್ಪದೆ ಹೊರಡುವುದನ್ನೂ ಬದಲಿಸಲಾಗದು. ತತ್ತ್ವಜ್ಞಾನಿ ನೆಲ್ಸನ್ ಪೈಕ್ 1965ರಲ್ಲಿ ಸಮಸ್ಯೆಯನ್ನು ಮತ್ತೆ ಮುಂದಕ್ಕೆ ತಂದದ್ದು ಈ ದಿಕ್ಕಿನಿಂದಲೇ. ಇಲ್ಲಿ ಅವಿವಾಹಿತನ ಉದಾಹರಣೆ ನೆರವಿಗೆ ಬಾರದು. ಆಗ ಇರುವ ದಾರಿಗಳಿಗೆಲ್ಲ ಒಂದೊಂದು ಬೆಲೆಯಿದೆ. ಆರನೇ ಶತಮಾನದ ತತ್ತ್ವಜ್ಞಾನಿ ಬೋಯೆಥಿಯಸ್‌ನಂತೆ ದೇವರು ಕಾಲದಾಚೆ ಇದ್ದಾನೆ, ಅವನಿಗೆ ‘ನಿನ್ನೆ’ ಎಂಬುದೇ ಇಲ್ಲ ಎನ್ನಬಹುದು. ಹಾಗಾದರೆ ಅಂಥ ದೇವರು ಪ್ರಾರ್ಥನೆಗೆ ಓಗೊಡುವುದು ಹೇಗೆಂದು ವಿವರಿಸಬೇಕು. ಹದಿನಾಲ್ಕನೇ ಶತಮಾನದ ತತ್ತ್ವಜ್ಞಾನಿ ಓಕಮ್‌ನ ಜಾಡಿನಲ್ಲಿ, ದೇವರ ನಿನ್ನೆಯ ಅರಿವು ನಾಳೆಯನ್ನು ಅವಲಂಬಿಸಿರುವುದರಿಂದ ಅದು ಪೂರ್ತಿ ಮುಗಿದ ಭೂತಕಾಲವಲ್ಲ ಎನ್ನಬಹುದು; ಆಗ ಮುಗಿದದ್ದು ಯಾವುದು, ಮುಗಿಯದ್ದು ಯಾವುದು ಎಂದು ಗೆರೆ ಎಳೆದು ತೋರಿಸಬೇಕು. ಮುಂದಿನ ಆಯ್ಕೆಗಳು ಇನ್ನೂ ನಿರ್ಧಾರವಾಗಿಲ್ಲ, ಆದ್ದರಿಂದ ತಿಳಿಯಲು ಅಲ್ಲೇನೂ ಇಲ್ಲ ಎನ್ನುವವರೂ ಇದ್ದಾರೆ; ಅವರು ಸರ್ವಜ್ಞತೆಯ ವ್ಯಾಖ್ಯೆಯನ್ನು ಕಿರಿದು ಮಾಡಿಕೊಳ್ಳಬೇಕು. ಎದುರಿನವರು ಯಾವ ಬೆಲೆ ತೆರಲು ಸಿದ್ಧ ಎಂದು ಕೇಳಿ ಬರೆದಿಡಿ. ಇಡೀ ಚರ್ಚೆಯಲ್ಲಿ ಹೆಚ್ಚು ಉಪಯೋಗದ ಪ್ರಶ್ನೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಕೆಡುಕಿನ ಪ್ರಶ್ನೆಯಲ್ಲಿ ಎಡವುವ ಜಾಗ

ಸರ್ವಶಕ್ತನೂ ದಯಾಳುವೂ ಆದ ದೇವರು ಮತ್ತು ಕೆಡುಕು ಒಟ್ಟಿಗಿರುವುದು ಅಸಂಗತ (ತರ್ಕಕ್ಕೇ ವಿರುದ್ಧ) ಎಂದು ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿ 1955ರಲ್ಲಿ ವಾದಿಸಿದರು. ಇನ್ನೊಬ್ಬ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಅವರ ಉತ್ತರ ಇಚ್ಛಾಸ್ವಾತಂತ್ರ್ಯದ ಮೇಲೆ ನಿಂತದ್ದು: ಸ್ವತಂತ್ರ ಜೀವಿಗಳು ಎಂದೂ ತಪ್ಪು ಮಾಡದಂಥ ಜಗತ್ತನ್ನು ದೇವರೂ ರೂಪಿಸಲಾಗದೆ ಇರಬಹುದು. ಈ ‘ಇರಬಹುದು’ ಎಂಬುದೇ ಮುಖ್ಯ. ಅಸಂಗತ ಎಂಬ ಆರೋಪವನ್ನು ಕೆಡವಲು ಬರಿಯ ಸಾಧ್ಯತೆ ತೋರಿಸಿದರೆ ಸಾಕು. ಆದರೆ ತತ್ತ್ವಜ್ಞಾನಿ ವಿಲಿಯಂ ರೋ 1979ರಲ್ಲಿ ಕೇಳಿದ್ದು ಬೇರೆ. ಕಾಡ್ಗಿಚ್ಚಿನಲ್ಲಿ ಸಿಕ್ಕ ಜಿಂಕೆಮರಿ ದಿನಗಟ್ಟಲೆ ನರಳಿ ಸಾಯುವುದರಿಂದ ಯಾವ ದೊಡ್ಡ ಒಳಿತೂ ನಮಗೆ ಕಾಣುತ್ತಿಲ್ಲ. ಇಂಥ ಸಂಕಟಗಳಿರುವಾಗ ಅಂಥ ದೇವರಿಲ್ಲ ಎಂದು ನಂಬುವುದೇ ಯುಕ್ತವಲ್ಲವೇ? ಇದು ಸಂಭವದ ಪ್ರಶ್ನೆ, ಅಂದರೆ ನಿಜವಾಗಿರುವ ಸಾಧ್ಯತೆ ಎಷ್ಟು ಎಂಬ ಪ್ರಶ್ನೆ. ಇದಕ್ಕೆ ‘ಸಾಧ್ಯ’ ಎಂದು ಉತ್ತರಿಸಿದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಾಸ್ತಿಕರ ತಪ್ಪು ಇದಕ್ಕೆ ತಿರುವುಮುರುವು: ಸಂಭವ ಕಡಿಮೆ ಎಂದು ತೋರಿಸಿ ‘ತರ್ಕವಿರುದ್ಧ’ ಎಂದು ಘೋಷಿಸುವುದು.

ಬ್ರಹ್ಮಸೂತ್ರದ ಎರಡನೇ ಅಧ್ಯಾಯ ಇದೇ ಆಕ್ಷೇಪವನ್ನು ವೈಷಮ್ಯ, ನೈರ್ಘೃಣ್ಯ ಎಂದು ಎತ್ತಿಕೊಳ್ಳುತ್ತದೆ: ದೇವರು ಪಕ್ಷಪಾತಿಯೇ, ಕ್ರೂರಿಯೇ? ಉತ್ತರ, ಜೀವಿಗಳ ಕರ್ಮವನ್ನು ನೋಡಿ ಫಲ ಕೊಡುತ್ತಾನೆ ಎಂಬುದು. ಮೊದಲ ಕರ್ಮ ಎಲ್ಲಿಂದ ಬಂತೆಂದರೆ ಸಂಸಾರಕ್ಕೆ ಆದಿಯಿಲ್ಲ ಎನ್ನುತ್ತದೆ. ಈ ಉತ್ತರ ಕೊಡುವವರನ್ನು ಕೇಳಬೇಕಾದ್ದು ಒಂದು: ಆದಿಯಿಲ್ಲದ ಸರಪಳಿ ಇಲ್ಲಿ ದೋಷವಲ್ಲವಾದರೆ, ‘ಜಗತ್ತಿಗೆ ಮೊದಲ ಕಾರಣ ಬೇಕೇ ಬೇಕು, ಇಲ್ಲದಿದ್ದರೆ ಅನವಸ್ಥೆ (ಕಾರಣಕ್ಕೆ ಕಾರಣ ಹುಡುಕುತ್ತ ಕೊನೆಯೇ ಇಲ್ಲದಿರುವುದು)’ ಎಂಬ ವಾದವನ್ನು ನೀವೇ ಹೇಗೆ ಬಳಸುತ್ತೀರಿ? ಎರಡನ್ನೂ ಹಿಡಿಯಲು ದಾರಿಯಿದೆ, ಆದರೆ ಅದನ್ನು ಬಿಡಿಸಿ ಹೇಳಬೇಕು.

ವಿಜ್ಞಾನವನ್ನು ಎಳೆದು ತರುವಾಗ

ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗ ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಕೈ ಅಲುಗುವುದಕ್ಕೆ ಸುಮಾರು 550 ಮಿಲಿಸೆಕೆಂಡ್ ಮೊದಲು ಮಿದುಳಿನಲ್ಲಿ ಸಿದ್ಧತೆಯ ವಿದ್ಯುತ್ ಏರಿಳಿತ ಶುರುವಾಯಿತು. ‘ಅಲುಗಿಸಬೇಕು’ ಎನಿಸಿದ್ದಾಗಿ ಪ್ರಯೋಗದಲ್ಲಿ ಪಾಲ್ಗೊಂಡವರು ಹೇಳಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ‘ಮಿದುಳು ಮೊದಲೇ ನಿರ್ಧರಿಸಿತ್ತು’ ಎಂಬುದು ಇದರ ಒಂದು ವ್ಯಾಖ್ಯಾನ ಅಷ್ಟೆ. ಆ ಏರಿಳಿತ ನಿರ್ಧಾರವೇ ಅಲ್ಲ, ಮಿದುಳಿನ ಸಹಜ ಗದ್ದಲ ಮೆಲ್ಲನೆ ಕೂಡಿಕೊಂಡು ಒಂದು ಮಟ್ಟ ದಾಟುವುದರ ಚಿತ್ರ ಎಂದು ಆರನ್ ಶುರ್ಗರ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದರು. 2008ರ ಇನ್ನೊಂದು ಪ್ರಯೋಗದಲ್ಲಿ, ಎಡ ಗುಂಡಿಯೋ ಬಲ ಗುಂಡಿಯೋ ಎಂಬುದನ್ನು ಕೆಲವು ಸೆಕೆಂಡ್ ಮೊದಲೇ ಮಿದುಳಿನ ಸ್ಕ್ಯಾನ್ ನೋಡಿ ಊಹಿಸಿದರು, ನಿಖರತೆ ಶೇ. 60ರ ಆಸುಪಾಸು, ಕಣ್ಣು ಮುಚ್ಚಿ ಹೇಳಿದರೂ ಶೇ. 50 ಸಿಗುತ್ತದೆ. ಗುಂಡಿ ಒತ್ತುವ ಆಯ್ಕೆಗೂ ವಾರಗಟ್ಟಲೆ ಯೋಚಿಸಿ ಮಾಡುವ ತೀರ್ಮಾನಕ್ಕೂ ಇರುವ ದೂರವನ್ನು ಮರೆಯಬೇಡಿ.

ಕ್ವಾಂಟಮ್ ಅನಿಶ್ಚಿತತೆಯನ್ನು (ಅಣುಗಳ ಮಟ್ಟದಲ್ಲಿ ಕೆಲವು ಘಟನೆ ಆಕಸ್ಮಿಕ ಎಂಬುದನ್ನು) ಸ್ವಾತಂತ್ರ್ಯಕ್ಕೆ ಸಾಕ್ಷಿಯಾಗಿ ತರುವವರಿಗೆ ಚಿಕ್ಕ ಉತ್ತರ ಸಾಕು: ಆಕಸ್ಮಿಕವಾಗಿ ಆದದ್ದು ನನ್ನ ಹಿಡಿತದಲ್ಲಿತ್ತು ಎನ್ನಲಾಗದು. ‘ಎಲ್ಲವೂ ನಿಯತವಾದರೆ (ಮೊದಲೇ ನಿಗದಿಯಾಗಿದ್ದರೆ) ನಿನ್ನ ಈ ನಂಬಿಕೆಯೂ ನಿಯತ, ಅದಕ್ಕೇಕೆ ಬೆಲೆ?’ ಎಂಬ ತಿರುಗೇಟೂ ಅಷ್ಟೇನೂ ಬಲವಾದದ್ದಲ್ಲ. ಕ್ಯಾಲ್ಕುಲೇಟರ್‌ನ ಪ್ರತಿ ಹೆಜ್ಜೆಯೂ ನಿಯತ, ಆದರೂ ಲೆಕ್ಕ ಸರಿ ಬರುತ್ತದೆ.

‘ದೇವರು ತರ್ಕಕ್ಕೆ ನಿಲುಕುವವನಲ್ಲ’ ಎಂಬ ಮಾತು ಬಂದಾಗ ಗಡಿಯಾರ ನೋಡಿ. ಮೊದಲ ನಿಮಿಷದಲ್ಲೇ ಹೇಳಿದ್ದರೆ ಅದು ಗೌರವಿಸಬೇಕಾದ ನಿಲುವು. ಅವರೊಡನೆ ತರ್ಕದ ಚರ್ಚೆ ಬೇಡ, ಬೇರೆ ಮಾತಾಡಿ. ನಲವತ್ತನೇ ನಿಮಿಷದಲ್ಲಿ, ಸಾಲು ಬಿದ್ದ ಮೇಲೆ ಹೇಳಿದರೆ, ಅವರೇ ಮುಂಚೆ ಕೊಟ್ಟ ‘ಇಷ್ಟು ಅಚ್ಚುಕಟ್ಟಾದ ಜಗತ್ತಿಗೆ ಒಬ್ಬ ಕರ್ತೃ ಬೇಕು’ ಎಂಬಂಥ ತರ್ಕಗಳನ್ನೂ ಕಾಗದದಿಂದ ಹೊಡೆದುಹಾಕಬೇಕೆಂದು ತಿಳಿಸಿ. ಹೊಡೆದುಹಾಕಲು ಒಪ್ಪುತ್ತಾರೋ ಇಲ್ಲವೋ, ಅದನ್ನೂ ಬರೆದುಕೊಳ್ಳುವವರು ದಾಖಲಿಸಲಿ. ಕೊನೆಯ ಹತ್ತು ನಿಮಿಷದಲ್ಲಿ ಇಬ್ಬರೂ ಹಾಳೆ ನೋಡಿ, ಯಾವ ಅಂಕಿಯ ಸಾಲಿನಲ್ಲಿ ದಾರಿ ಕವಲಾಯಿತೋ ಅದಕ್ಕೆ ಗುಂಡಗೆ ಗುರುತು ಹಾಕಿ ಸಹಿ ಮಾಡಲಿ. ಮುಂದಿನ ಬಾರಿ ಕೂತಾಗ ಆ ಸಾಲೊಂದೇ ಪ್ರಮೇಯ.