ಮೀನಿನ ತೊಟ್ಟಿಗೆ ಮನಿ ಪ್ಲಾಂಟ್: ಬೇರು ನೀರಲ್ಲಿ, ಎಲೆ ಹೊರಗೆ

ರಾಯಚೂರಿನ ಬೇಸಿಗೆಯಲ್ಲಿ ಮನೆಯ ಮೀನಿನ ತೊಟ್ಟಿ ಬೇಗ ಕೆಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. ಗಾಜಿಗೆ ಹಸಿರು ಪಾಚಿ. ನೀರು ಬದಲಿಸೋಣ ಎಂದರೆ ಮೊದಲು ನಲ್ಲಿಯಲ್ಲಿ ನೀರು ಬರಬೇಕಲ್ವಾ? ನಮ್ಮ ಮನೆಯಲ್ಲಿ ಇದಕ್ಕೆ ನೆರವಾದದ್ದು ಕಿಟಕಿಗೆ ಹಬ್ಬಿದ್ದ ಮನಿ ಪ್ಲಾಂಟ್.

ಮೀನಿನ ಹೊಲಸು, ಉಳಿದ ಕಾಳು ಕೊಳೆತರೆ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನ ವಿಷ ಕಡಿಮೆ, ಆದರೆ ಅದು ನೀರಿನಲ್ಲಿ ಕೂಡುತ್ತಲೇ ಹೋಗುತ್ತದೆ. ಗಿಡಕ್ಕೆ ಅದೇ ಗೊಬ್ಬರ. ಎಲೆ ಹೊರಗಿದ್ದರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಧಾರಾಳವಾಗಿ ಸಿಗುತ್ತದೆ. ಹಾಗಾಗಿ ಗಿಡ ಬೇಗ ಬೆಳೆಯುತ್ತದೆ, ನೈಟ್ರೇಟನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ.

ಬಳ್ಳಿ ಕತ್ತರಿಸುವಾಗ ಗೆಣ್ಣು ನೋಡಿ. ಎಲೆಯ ತೊಟ್ಟು ಬಳ್ಳಿಗೆ ಸೇರುವ ಕಡೆ ಕಂದು ಬಣ್ಣದ ಸಣ್ಣ ಉಬ್ಬು ಇರುತ್ತದೆ. ಬೇರು ಬರುವುದು ಅಲ್ಲಿಂದಲೇ. ಅದರ ಒಂದಿಂಚು ಕೆಳಗೆ ಶುಭ್ರವಾದ ಕತ್ತರಿಯಿಂದ ಕತ್ತರಿಸಿ. ಗೆಣ್ಣಿಲ್ಲದೆ ಸುಮ್ನೆ ಎಲೆ ಕಿತ್ತು ಇಟ್ಟರೆ ಬಳ್ಳಿ ಬೆಳೆಯುವುದಿಲ್ಲ. ಮೂರು ನಾಲ್ಕು ಎಲೆ ಇರುವ ತುಂಡು ಸಾಕು. ಕೆಳಗಿನ ಒಂದೆರಡು ಎಲೆ ತೆಗೆದುಬಿಡಿ.

ಕತ್ತರಿಸಿದ ತುಂಡನ್ನು ನೇರ ತೊಟ್ಟಿಗೆ ಹಾಕಬೇಡಿ. ಸೊನೆ ತೊಳೆದು, ಬೇರೆ ಗಾಜಿನ ಲೋಟದಲ್ಲಿ ಎರಡು ಮೂರು ವಾರ ಇಡಿ. ಬಿಳಿ ಬೇರು ಎರಡಿಂಚು ಬಂದ ಮೇಲೆ ತೊಟ್ಟಿಯ ಅಂಚಿಗೆ ಸಿಕ್ಕಿಸಿ. ಕುಂಡದಿಂದ ಕಿತ್ತ ಗಿಡವಾದರೆ ಬೇರಿನ ಮಣ್ಣನ್ನು ಪೂರ್ತಿ ತೊಳೆಯಿರಿ. ಕೀಟನಾಶಕ ಹೊಡೆದ ಗಿಡವಂತೂ ಬೇಡವೇ ಬೇಡ.

ಬೇರು ಮಾತ್ರ ನೀರಿನಲ್ಲಿರಲಿ. ಮೊದಲ ಸಲ ನಾನು ಎಲೆಗಳನ್ನೂ ಮುಳುಗಿಸಿದ್ದೆ. ಹತ್ತು ದಿನದಲ್ಲಿ ಅವು ಲೋಳೆಯಾಗಿ ಕೊಳೆತು, ಇದ್ದ ನೀರೂ ನಾತ ಹೊಡೆಯಿತು. ಬೇರು ಫಿಲ್ಟರಿನ ಬಾಯಿಗೆ ಸಿಗದಂತೆ ಇನ್ನೊಂದು ಮೂಲೆಯಲ್ಲಿಡಿ. ಗೋಲ್ಡ್ ಫಿಶ್ ಬೇರನ್ನು ಮೆಲ್ಲುತ್ತದೆ. ರಂಧ್ರಗಳಿರುವ ಪ್ಲಾಸ್ಟಿಕ್ ಬುಟ್ಟಿಯನ್ನು ಅಂಚಿಗೆ ತೂಗಿಹಾಕಿ, ಅದರೊಳಗೆ ಬೇರು ಬಿಟ್ಟರೆ ಉಳಿಯುತ್ತದೆ. ಕಿಟಕಿಯ ಬೆಳಕು ಬೇಕು, ನಮ್ಮೂರಿನ ಮಧ್ಯಾಹ್ನದ ನೇರ ಬಿಸಿಲು ಬೇಡ. ಮನಿ ಪ್ಲಾಂಟ್ ಎಲೆ ಅಗಿದರೆ ಬಾಯಿ ಉರಿಯುತ್ತದೆ, ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ನೋಡಿಕೊಳ್ಳಿ.

ಗಿಡ ಇಟ್ಟೆವೆಂದು ನೀರು ಬದಲಿಸುವುದನ್ನು ಬಿಡಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬೋರ್ ನೀರು ಗಡಸಾಗಿರುವ ಮನೆಗಳೇ ನಮ್ಮಲ್ಲಿ ಜಾಸ್ತಿ. ಬಿಸಿಲಿಗೆ ನೀರು ಆವಿಯಾಗಿ ಇಳಿದಾಗ ಗಾಜಿನ ಮೇಲೆ ಬಿಳಿ ಪಟ್ಟೆ ಉಳಿಯುತ್ತದಲ್ಲ, ಅದು ಉಪ್ಪು. ಆ ಉಪ್ಪನ್ನು ಗಿಡ ತೆಗೆಯಲಾರದು. ಇಳಿದಷ್ಟು ನೀರನ್ನು ಮೇಲಿಂದ ತುಂಬಿಸುತ್ತಾ ಹೋದರೆ ಗಡಸು ಏರುತ್ತದೆ, ಅಷ್ಟೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ಹಿಡಿಯುತ್ತದೆ. ವಾರಕ್ಕೆ ಅದರ ಕಾಲು ಭಾಗ, ಅಂದರೆ ಒಂದು ಬಕೆಟ್ ಬದಲಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಹಾಕಿ.

ತೆಗೆದ ನೀರನ್ನು ಕೂಡಲೇ ಚೆಲ್ಲಬೇಡಿ. ಫಿಲ್ಟರಿನ ಸ್ಪಂಜನ್ನು ಅದರಲ್ಲೇ ಹಿಂಡಿ ತೊಳೆಯಿರಿ, ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುತ್ತವೆ. ಆಮೇಲೆ ಅದನ್ನು ಕುಂಡಗಳಿಗೆ ಹಾಕಿ. ನಮ್ಮ ಮನೆಯ ಕರಿಬೇವಿಗೆ ವಾರವಾರವೂ ಅದೇ ನೀರು.