ವಿಜಯ್ ಸೂಪರ್ ಫೋರ್ಕ್ ಜೋಡಿಸುವ ಮೊದಲು ಇದನ್ನು ನೋಡಿ

ಹಳೇ ವಿಜಯ್ ಸೂಪರ್ ಸ್ಕೂಟರ್ ಇಟ್ಟುಕೊಂಡವರಿಗೆ ಒಂದು ಸಲಹೆ. ಕೈ ಬಿಟ್ಟರೆ ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ ಬರೀ ಬುಷ್ (ಕೀಲಿನಲ್ಲಿ ಸವೆಯುವ ಸಣ್ಣ ಕೊಳವೆ) ಬದಲಾಯಿಸಿ ಸುಮ್ಮನಾಗಬೇಡಿ. ಲ್ಯಾಂಬ್ರೆಟಾ ಮಾದರಿಯ ಈ ಗಾಡಿಯ ಫೋರ್ಕಿಗೆ, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲಿಗೆ, ಎರಡು ಕಾಲು. ಒಂದು ಚೂರು ತಿರುಚಿದ್ದರೂ ಹೊಸ ಬುಷ್ ಬೇಗ ಸವೆಯುತ್ತದೆ.

ಬಿಚ್ಚುವಾಗ ಹುಷಾರು. ಕಾಲಿನೊಳಗಿನ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ. ಅದನ್ನು ಒತ್ತಿ ಹಿಡಿಯುವ ಟೂಲ್ ಇಲ್ಲದೆ ಲಿಂಕ್ (ಕಾಲಿನ ತುದಿಯಲ್ಲಿ ಚಕ್ರ ಹಿಡಿಯುವ ಸಣ್ಣ ತೋಳು) ಬೋಲ್ಟ್‌ಗೆ ಕೈ ಹಾಕಲೇಬೇಡಿ.

ಖಾಲಿ ಫೋರ್ಕನ್ನು ಟೇಬಲ್ ಮೇಲೆ ಮಲಗಿಸಿ. ಎರಡು ನೇರವಾದ ಸರಳು ತಗೊಳ್ಳಿ. ಒಂದನ್ನು ಎರಡೂ ಕಾಲಿಗೆ ತಾಗುವಂತೆ ಮೇಲ್ಭಾಗದಲ್ಲಿ, ಇನ್ನೊಂದನ್ನು ಕೆಳಗೆ ಅಡ್ಡ ಇಡಿ. ಒಂದು ಕಣ್ಣು ಮುಚ್ಚಿ, ಕೆಳಗಿನ ಸರಳಿನ ಮೇಲಿಂದ ಮೇಲಿನದನ್ನು ನೋಡಿ. ಎರಡೂ ಒಂದೇ ಗೆರೆಯಲ್ಲಿ ಕಂಡರೆ ಸರಿ. ಒಂದು ತುದಿ ಎದ್ದು ಕಂಡರೆ ಫೋರ್ಕ್ ತಿರುಚಿದೆ ಎಂದೇ ಅರ್ಥ. ಗ್ಯಾಸ್‌ನಲ್ಲಿ ಕಾಯಿಸಿ ಬಗ್ಗಿಸಲು ಬಿಡಬೇಡಿ, ಕಬ್ಬಿಣ ಮೆತ್ತಗಾಗುತ್ತದೆ. ಜಿಗ್ (ಫೋರ್ಕನ್ನು ಅಳತೆಗೆ ಸರಿಯಾಗಿ ಕಚ್ಚಿ ಹಿಡಿಯುವ ಚೌಕಟ್ಟು) ಇರುವವರ ಹತ್ತಿರವೇ ಕೊಡಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಮುಂದಿನ ಚಕ್ರ ಅಲ್ವಾ, ಜೀವದ ವಿಷಯ.

ಲಿಂಕ್ ಜೋಡಿಸಿದ ಮೇಲೆ ಚಕ್ರ ಹಾಕುವ ಮುಂಚೆ ಆಕ್ಸಲ್ ಮಾತ್ರ ತೂರಿಸಿ. ಬೆರಳಲ್ಲೇ ಸಲೀಸಾಗಿ ಹೋಗಬೇಕು. ಸುತ್ತಿಗೆ ಬೇಕಾದರೆ ಲಿಂಕ್ ಇಲ್ಲವೇ ಕಾಲು ಇನ್ನೂ ವಾರೆಯಾಗಿದೆ.

ಚಕ್ರ ಕೂರಿಸಿದ ಮೇಲೆ ನಟ್ ಸಡಿಲವಾಗಿಯೇ ಇರಲಿ. ಹ್ಯಾಂಡಲ್ ಹಿಡಿದು ನಾಲ್ಕೈದು ಸಲ ಕೆಳಗೆ ಒತ್ತಿ, ಆಮೇಲೆ ಬಿಗಿ ಮಾಡಿ.